ಬೇಳೆ ಬೇಯದ ನೀರು

‘ಅವನ ಬೇಳೆ ಇಲ್ಲಿ ಬೇಯುವುದಿಲ್ಲ’ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಒಬ್ಬನ ಉಪಾಯ ಮತ್ತೊಬ್ಬನ ಮುಂದೆ ಫಲಿಸದೆ ಹೋದಾಗ ಆಡುವ ಮಾತು ಅದು. ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಉಳಿದ ಕಡೆ ಈ ಮಾತಿಗೆ ಲಕ್ಷ್ಯಾರ್ಥ ಮಾತ್ರ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ವಾಚ್ಯಾರ್ಥವೂ ಉಂಟು. ಕೊಳವೆಬಾವಿಯ ನೀರಿನಲ್ಲಿ ಒಲೆಯ ಮೇಲಿಟ್ಟ ತೊಗರಿಬೇಳೆ ಗಂಟೆ ಕಳೆದರೂ ಕರಗದೆ ಕಾಳುಕಾಳಾಗಿ ಉಳಿಯುವುದನ್ನು ಈ ಸೀಮೆಯ ಗೃಹಿಣಿಯರು ಬಲ್ಲರು. ನೀರಿನ ಕ್ಯಾಲ್ಸಿಯಮ್ ಬೇಳೆಯೊಳಗಿನ ಪೆಕ್ಟಿನ್ ಎಂಬ ಅಂಟಿನೊಡನೆ ಕೂಡಿ ಅದನ್ನು ಬಿಗಿಗೊಳಿಸುವುದೇ ಇದಕ್ಕೆ ಕಾರಣ. ಅದೇ ನೀರು ಈಗ ಬಟ್ಟೆ ಒಗೆಯುವ ಯಂತ್ರವನ್ನೂ ಹೊಕ್ಕಿದೆ. ಅದನ್ನು ಮುಂದಿಟ್ಟುಕೊಂಡು ತಮ್ಮ ಬೇಳೆ ಬೇಯಿಸಿಕೊಳ್ಳುವವರೂ ಹುಟ್ಟಿಕೊಂಡಿದ್ದಾರೆ. ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಈ ಲೌಕಿಕ ವಿಷಯವನ್ನು ಎತ್ತಿಕೊಂಡದ್ದು ಅದಕ್ಕಾಗಿಯೇ.

2007ರಲ್ಲಿ ರಾಮನಗರ ಜಿಲ್ಲೆಯಾಗಿ ಒಂದುಗೂಡಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಪಡೆದ ಸೀಮೆ ನಮ್ಮದು. ಹೆಸರು ಬದಲಾಗುವುದು ಇಲ್ಲಿಗೆ ಹೊಸದಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು; ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬಾತನಿಂದ ಬಂದದ್ದು. ಊರು ಆ ಹೆಸರನ್ನು ಕಳಚಿಕೊಂಡರೂ ಭೂವಿಜ್ಞಾನ ಕಳಚಿಕೊಳ್ಳಲಿಲ್ಲ. ಇಲ್ಲಿಯ ಬಂಡೆಗೆ ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ಮಾಗಡಿಯ ಸಾವನದುರ್ಗವೂ ರಾಮನಗರದ ರಾಮದೇವರ ಬೆಟ್ಟವೂ ಈ ಶಿಲೆಯ ಸಂತಾನವೇ.

ಇದು ಸುಣ್ಣಕಲ್ಲಿನ ನಾಡಲ್ಲ. ಹಾಗಿದ್ದರೆ ನೀರಿಗೆ ಸುಣ್ಣ ಎಲ್ಲಿಂದ ಬಂತು? ಮಳೆಯ ನೀರು ಮಣ್ಣಿನೊಳಗೆ ಇಳಿಯುವಾಗ ಇಂಗಾಲಾಮ್ಲ ಅನಿಲವನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿಯು ಗ್ರಾನೈಟಿನೊಳಗಿನ ಫೆಲ್ಡ್‌ಸ್ಪಾರ್ ಖನಿಜವನ್ನು ಸಾವಕಾಶವಾಗಿ ಸವೆಸಿ, ಅದರಲ್ಲಿರುವ ಕ್ಯಾಲ್ಸಿಯಮ್ಮನ್ನು ಬಿಡಿಸಿಕೊಳ್ಳುತ್ತದೆ. ತೆರೆದ ಬಾವಿಯ ನೀರು ಮೇಲ್ಪದರದಲ್ಲಿ ಕೆಲಕಾಲ ತಂಗಿ ಬಂದ ಅತಿಥಿ. ಆಳದ ಕೊಳವೆಬಾವಿಯದಾದರೋ ಬಂಡೆಯ ಬಿರುಕುಗಳಲ್ಲಿ ಬಹುಕಾಲ ಸಂಸಾರ ಹೂಡಿದ್ದ ನೀರು. ಅದು ಹೆಚ್ಚು ಗಡಸಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ 2012ರಲ್ಲಿ ಗೊತ್ತುಮಾಡಿದ ಅಳತೆಯಂತೆ, ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಸ್ವೀಕಾರಾರ್ಹ. ಬೇರೆ ನೀರು ದೊರೆಯದಿದ್ದಲ್ಲಿ 600ರವರೆಗೂ ಸಹ್ಯ. ಗಡಸು ನೀರು ಎಂದರೆ ವಿಷವಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ನಮ್ಮ ಹಿಂದಿನವರು ಈ ನೀರಿನೊಡನೆ ಜಾಣತನದಿಂದ ಬಾಳಿದರು. ಮಡಿವಾಳರು ಚೌಳುಮಣ್ಣನ್ನು ಬಳಸುತ್ತಿದ್ದರು. ಅದರಲ್ಲಿರುವ ಸೋಡಾಕ್ಷಾರವು ನೀರಿನ ಕ್ಯಾಲ್ಸಿಯಮ್ಮನ್ನು ಸುಣ್ಣದ ಗಸಿಯಾಗಿ ಕೆಳಗಿಳಿಸಿ ನೀರನ್ನು ಮೆದುವಾಗಿಸುತ್ತದೆ. ಬಚ್ಚಲಮನೆಯ ತಾಮ್ರದ ಹಂಡೆಯೊಳಗೆ ಬಿಳಿಯ ಹಕ್ಕಳೆ ಕಟ್ಟಿದರೆ ನಮ್ಮ ತಾಯಂದಿರು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಹುಳಿಗೆ ಸುಣ್ಣ ಕರಗುತ್ತದೆ. ರೇಷ್ಮೆ ನೂಲು ಬಿಚ್ಚುವವರಿಗಂತೂ ನೀರಿನ ಗುಣವೇ ಕಸುಬಿನ ಬಂಡವಾಳ. ನೀರು ತೀರ ಗಡಸಾದರೆ ಬೇಯಿಸಿದ ಗೂಡಿನ ಅಂಟು ಸಮನಾಗಿ ಸಡಿಲಗೊಳ್ಳದು, ಎಳೆ ಸರಾಗವಾಗಿ ಬಿಚ್ಚಿಕೊಳ್ಳದು. ಇವರೆಲ್ಲ ಮೊದಲು ನೀರನ್ನು ಅರಿತರು, ಆಮೇಲೆ ಉಪಾಯವನ್ನು ಹುಡುಕಿದರು. ಇಂದು ನಾವು ಮಾಡುತ್ತಿರುವುದು ಇದರ ತಿರುವುಮುರುವು.

ಇದಕ್ಕೆ ಒಂದು ನಿದರ್ಶನ. ನೀರು ಶುದ್ಧಿಯ ಯಂತ್ರ ಮಾರುವವನೊಬ್ಬ ನಮ್ಮ ಬೀದಿಗೆ ಬಂದ. ಎದುರು ಮನೆಯ ಜಗುಲಿಯ ಮೇಲೆ ಎರಡು ಲೋಟಗಳನ್ನಿಟ್ಟು, ಒಂದರಲ್ಲಿ ನಮ್ಮ ನಲ್ಲಿಯ ನೀರನ್ನೂ ಮತ್ತೊಂದರಲ್ಲಿ ತನ್ನ ಯಂತ್ರದ ನೀರನ್ನೂ ತುಂಬಿ, ಎರಡಕ್ಕೂ ವಿದ್ಯುತ್ ಹರಿಯುವ ಲೋಹದ ಕಡ್ಡಿಗಳನ್ನು ಇಳಿಬಿಟ್ಟ. ಕ್ಷಣಾರ್ಧದಲ್ಲಿ ನಲ್ಲಿಯ ನೀರು ಚರಂಡಿಯ ಬಣ್ಣಕ್ಕೆ ತಿರುಗಿತು. ಅವನದು ತಿಳಿಯಾಗಿಯೇ ಉಳಿಯಿತು. ಆ ಮನೆಯ ಹಿರಿಯ ಹೆಣ್ಣುಮಗಳು ಬೆಚ್ಚಿ, ‘ಮೇಷ್ಟ್ರೇ, ಇಷ್ಟು ವರ್ಷ ನಾವು ಕುಡಿದದ್ದು, ಬಟ್ಟೆ ಒಗೆದದ್ದು ಇದರಲ್ಲೇನು?’ ಎಂದು ಕೇಳಿದರು. ಕುಟುಂಬ ಪಿಂಚಣಿಯ ಹಣದಲ್ಲಿ ಮುಂಗಡ ಕೊಡಲು ಪರ್ಸನ್ನೂ ತೆರೆದಿದ್ದರು. ನಾನು ಅವರ ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತರಿಸಿ ಆತನ ತಿಳಿನೀರಿಗೆ ಹಾಕಿ, ಕಡ್ಡಿಗಳನ್ನು ಮತ್ತೆ ಇಳಿಬಿಡುವಂತೆ ಕೇಳಿಕೊಂಡೆ. ಅದೂ ಕಂದಾಗಿ ಕದಡಿತು. ಬಣ್ಣ ಬಂದದ್ದು ನೀರಿನ ಕೊಳೆಯಿಂದಲ್ಲ, ಕರಗಿದ ಕಬ್ಬಿಣದ ಕಡ್ಡಿಯಿಂದ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಲವಣ ತೆಗೆದ ನೀರಿನಲ್ಲಿ ಹೆಚ್ಚು ಹರಿಯದು. ಕಣ್ಕಟ್ಟಿನ ಒಳಗುಟ್ಟು ಇಷ್ಟೇ. ಆತ ಚೀಲ ಕಟ್ಟಿಕೊಂಡ. ಆ ದಿನ ಅಲ್ಲಿ ಬೇಳೆ ಬೇಯಲಿಲ್ಲ.

ಇನ್ನು ಒಗೆಯುವ ಯಂತ್ರದ ಮಾತಿಗೆ ಬರೋಣ. ಗಡಸು ನೀರಿನಲ್ಲಿ ಕ್ಯಾಲ್ಸಿಯಮ್ ಬಹುಮಟ್ಟಿಗೆ ಬೈಕಾರ್ಬೊನೇಟ್ ರೂಪದಲ್ಲಿ ಕರಗಿರುತ್ತದೆ. ನೀರು ಕಾದಾಗ ಇಂಗಾಲಾಮ್ಲ ಅನಿಲ ಹಾರಿಹೋಗಿ, ಕರಗದ ಕಾರ್ಬೊನೇಟ್ ಉಳಿದು, ಬಿಸಿಯಾದ ಲೋಹಕ್ಕೆ ಅಂಟಿಕೊಳ್ಳುತ್ತದೆ. ಯಂತ್ರದ ಹೀಟರಿಗೆ ಕಟ್ಟುವ ಹಕ್ಕಳೆ ಇದೇ. ಹಕ್ಕಳೆಗೆ ಮುಖ್ಯ ಕಾರಣ ಬಿಸಿ ಎಂಬ ಈ ಒಂದು ಮಾತನ್ನು ಹಿಡಿದರೆ ಅರ್ಧ ಖರ್ಚು ಉಳಿಯುತ್ತದೆ. ನಮ್ಮ ಅನೇಕ ಮನೆಗಳ ಯಂತ್ರಗಳಿಗೆ ಹೀಟರೇ ಇಲ್ಲ; ಇದ್ದರೂ ಹೆಚ್ಚಿನವರು ಒಗೆಯುವುದು ತಣ್ಣೀರಿನಲ್ಲಿ. ಇಲ್ಲದ ಹೀಟರಿನ ರಕ್ಷಣೆಗೆಂದು ತಿಂಗಳು ತಿಂಗಳೂ ಬೆಲೆಯುಳ್ಳ ಪುಡಿಯ ಪೊಟ್ಟಣ ಸುರಿಯುವುದು ಮೂಗಿಗಿಂತ ಮೂಗುತಿ ಭಾರವಾದ ಕಥೆ.

ಯಂತ್ರದೊಳಗೆ ಬಿಳಿಯದೇನಾದರೂ ಕಂಡರೆ ಮೊದಲು ಬೆಚ್ಚಗಿನ ನೀರಿನಿಂದ ತಿಕ್ಕಿ ನೋಡಿರಿ. ಕರಗಿ ಹೋದರೆ ಅದು ಒಗೆಯುವ ಪುಡಿಯ ಶೇಷ. ಅದಕ್ಕೆ ಔಷಧ, ಪುಡಿಯ ಅಳತೆ ತಪ್ಪದಂತೆ ನೋಡಿಕೊಳ್ಳುವುದು. ಕರಗದೆ ಉಳಿದದ್ದರ ಮೇಲೆ ನಾಲ್ಕು ಹನಿ ನಿಂಬೆರಸ ಬಿಡಿರಿ. ನೊರೆಗುಳ್ಳೆ ಎದ್ದರೆ ಅದು ಸುಣ್ಣ. ನೀರು ಬರುವ ಕೊಳವೆಯ ಬಾಯಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ನಲ್ಲಿ ಕಟ್ಟಿ, ಕೊಳವೆ ಬಿಚ್ಚಿ, ಆ ಜಾಲರಿಯನ್ನು ಆಗಾಗ ತೊಳೆದರೆ ‘ನೀರು ನಿಧಾನವಾಗಿ ತುಂಬುತ್ತದೆ’ ಎಂಬ ದೂರು ಅನೇಕ ವೇಳೆ ಅಲ್ಲಿಯೇ ಮುಗಿಯುತ್ತದೆ.

ಬಿಸಿನೀರಿನಲ್ಲಿ ಒಗೆಯುವವರಿಗೂ ದುಬಾರಿ ಪುಡಿಯೇ ಬೇಕೆಂದಿಲ್ಲ. ಸಿಟ್ರಿಕ್ ಆಮ್ಲವನ್ನು ನಮ್ಮ ಅಂಗಡಿಗಳಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಕೊಡುತ್ತಾರೆ. ಯಂತ್ರದ ಕೈಪಿಡಿ ಬೇಡವೆನ್ನದಿದ್ದರೆ, ವರ್ಷಕ್ಕೆ ಎರಡು ಮೂರು ಬಾರಿ ಸುಮಾರು 100 ಗ್ರಾಂ ಹಾಕಿ, ಬಟ್ಟೆಯಿಲ್ಲದೆ ಬಿಸಿನೀರಿನಲ್ಲಿ ಓಡಿಸಿ, ಮತ್ತೊಮ್ಮೆ ಬರಿಯ ನೀರಿನಲ್ಲಿ ತೊಳೆದರೆ ಸಾಕು. ಹಂಡೆಗೆ ಹುಣಸೆಹಣ್ಣು ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ. ಆದರೆ ಇದನ್ನು ಬ್ಲೀಚಿನೊಡನೆ ಎಂದಿಗೂ ಬೆರೆಸಕೂಡದು. ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಚೌಳುಮಣ್ಣಿನ ಮಾತು ಕೇಳಿ ಯಂತ್ರದೊಳಕ್ಕೆ ವಾಷಿಂಗ್ ಸೋಡ ಸುರಿಯುವುದೂ ಬೇಡ. ಸೋಡ ಇಳಿಸಿದ ಗಸಿ ಯಂತ್ರದಲ್ಲಿಯೂ ಬಟ್ಟೆಯಲ್ಲಿಯೂ ನಿಲ್ಲುತ್ತದೆ. ಬಕೆಟ್ಟಿನ ನೀರಿಗೆ ಬೆರೆಸಿ, ಗಸಿ ಇಳಿದ ಮೇಲೆ ತಿಳಿಯನ್ನು ಬಗ್ಗಿಸಿಕೊಂಡು ಕೈಯಲ್ಲಿ ಒಗೆಯುವವರಿಗೆ ಮಾತ್ರ ಅದು ಒಪ್ಪುವ ಉಪಾಯ.

ಕೊಳವೆಗೆ ಅಯಸ್ಕಾಂತ ಕಟ್ಟಿದರೆ ಗಡಸುತನ ಹೋಗುವುದೆಂಬ ಜಾಹೀರಾತನ್ನೂ ಕಾಣುತ್ತೇವೆ. ಅಯಸ್ಕಾಂತವು ನೀರಿನಿಂದ ಕ್ಯಾಲ್ಸಿಯಮ್ಮನ್ನು ತೆಗೆಯಲಾರದು. ರಾಳದ ಹರಳುಗಳಿರುವ ಮೆದುಗೊಳಿಸುವ ಯಂತ್ರ ನಿಜವಾಗಿಯೂ ಕೆಲಸ ಮಾಡುತ್ತದೆ. ಕ್ಯಾಲ್ಸಿಯಮ್ಮನ್ನು ಹಿಡಿದು ಸೋಡಿಯಮ್ಮನ್ನು ಬಿಡುತ್ತದೆ. ಆದರೆ ಅದಕ್ಕೆ ಆಗಾಗ ಉಪ್ಪು ಉಣಿಸಬೇಕು, ತೊಳೆದ ಉಪ್ಪುನೀರು ಗಿಡದ ಬುಡಕ್ಕೆ ಹೋಗದಂತೆ ಕಾಯಬೇಕು. ಪರೀಕ್ಷೆಯಲ್ಲಿ ನೀರು ಬಹಳ ಗಡಸೆಂದು ಖಚಿತವಾದ ಮೇಲೆ ಆಲೋಚಿಸತಕ್ಕದ್ದು ಅದು. ಬಟ್ಟೆ ಒಗೆಯಲು ಆರ್.ಓ. ನೀರನ್ನು ಬಳಸುವುದಂತೂ ಸಲ್ಲದು. ಮನೆಬಳಕೆಯ ಸಾಮಾನ್ಯ ಯಂತ್ರಗಳು ಒಂದು ಲೀಟರ್ ನೀರು ಕೊಡಲು ಎರಡು ಮೂರು ಲೀಟರನ್ನು ಚರಂಡಿಗೆ ಬಿಡುತ್ತವೆ. ಟ್ಯಾಂಕರಿಗೆ ಕಾಯುವ ಬೀದಿಗಳಲ್ಲಿ ಅದು ಬರಿಯ ದುಂದಲ್ಲ, ನೆರೆಯವರ ಕೊಡಕ್ಕೆ ಕೈಹಾಕಿದಂತೆ.

ಹಣ ಬೇಡದ ಮೆದುನೀರು ಒಂದಿದೆ. ಮಳೆಯ ನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ಅಲ್ಪಸ್ವಲ್ಪ ಹರಿದು ಆರಿ ಹೋದರೂ ಏಳೆಂಟು ಸಲ ಬಟ್ಟೆ ಒಗೆಯಲು ಸಾಕು. ಮೊದಲ ಕೊಳೆನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ ತೊಟ್ಟಿಯಲ್ಲಿ ತುಂಬಿಕೊಳ್ಳಬಹುದು. ಮಳೆಯಿಲ್ಲದ ದಿನಗಳಲ್ಲಿ, ಮನೆಗೆ ನದಿಯ ನೀರೂ ಬೋರ್ ನೀರೂ ಎರಡೂ ಬರುವುದಾದರೆ, ಸಾಮಾನ್ಯವಾಗಿ ಮೆದುವಾಗಿರುವ ನದಿಯ ನೀರನ್ನು ಯಂತ್ರಕ್ಕೂ ಬೇಳೆಗೂ ಇಟ್ಟುಕೊಂಡು ಬೋರ್ ನೀರನ್ನು ನೆಲ ಒರೆಸಲು ಬಳಸಬಹುದು.

ಎದುರು ಮನೆಯವರ ಯಂತ್ರಕ್ಕೆ ಹೀಟರಿರಲಿಲ್ಲ. ಅವರಿಗೆ ತಗುಲಿದ ಖರ್ಚು ಜಾಲರಿ ತಿಕ್ಕಲು ಕೊಂಡ ಒಂದು ಬ್ರಷ್ಷಿನದು. ಅಂಗಡಿಗೆ ಹೋಗುವ ಮುಂಚೆ ಒಂದು ಲೋಟ ನೀರನ್ನು ಎದುರಿಗಿಟ್ಟುಕೊಂಡು, ಇದು ಎಲ್ಲಿಂದ ಬಂತು, ಎಷ್ಟು ಗಡಸು, ನಮ್ಮ ಯಂತ್ರ ಇದನ್ನು ಕಾಯಿಸುತ್ತದೆಯೆ ಎಂದು ಕೇಳಿಕೊಳ್ಳುವುದಕ್ಕೆ ಕಾಸೂ ಖರ್ಚಿಲ್ಲ.