ಎತ್ತರಿಸಿದ ಬಂಡಿಗೆ ನುಲಿಸರಳು

ನಂಜನಗೂಡಿನವರು ಮೈಸೂರಿಗೆ ಬರುವುದೂ, ಮೈಸೂರಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವುದೂ ಒಂದೇ ಹೆದ್ದಾರಿಯ ಮೇಲೆ. ಕಲ್ಲಿಕೋಟೆಯಿಂದ ಹೊರಟು ಗುಂಡ್ಲುಪೇಟೆಯ ಮೇಲೆ ಹಾದು ಕೊಳ್ಳೇಗಾಲದಲ್ಲಿ ಮುಗಿಯುವ ಆ ದಾರಿಗೆ ಈಗ 766 ಎಂದು ಸಂಖ್ಯೆ. ಅದರ ಬದಿಯಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತವರ ಕಣ್ಣಿಗೆ ಈಚೆಗೆ ಒಂದು ಜಾತಿಯ ವಾಹನ ಹೆಚ್ಚಾಗಿ ಬೀಳುತ್ತಿದೆ. ಜೀಪಿನ ವಂಶದ್ದು, ಚಕ್ರ ದಪ್ಪ, ಮೂತಿ ಮೇಲಕ್ಕೆ. ಗುಮ್ಮಲು ಬರುವ ಹೋರಿ ತಲೆ ಎತ್ತಿದ ಹಾಗೆ ಮುಂಭಾಗ ಎತ್ತಿಕೊಂಡಿರುತ್ತದೆ. ಅದರ ಯಜಮಾನ ಬೇಕೆಂದೇ ಎತ್ತಿಸಿಕೊಂಡಿದ್ದಾನೆ.

ಎತ್ತಿಸಿಕೊಳ್ಳುವವರೆಲ್ಲ ಷೋಕಿಗೇ ಎತ್ತಿಸುತ್ತಾರೆ ಎನ್ನಲಾರೆ. ನಂಜನಗೂಡು ತಾಲ್ಲೂಕಿನ ಎರೆಮಣ್ಣಿನ ಹೊಲಗಳನ್ನು ಕಂಡವರಿಗೆ ಗೊತ್ತು, ಒಂದು ಮಳೆ ಬಿದ್ದರೆ ಅಲ್ಲಿ ಗಾಲಿ ಅರ್ಧ ಹೂತುಹೋಗುತ್ತದೆ. ಹೆಡಿಯಾಲದ ಕಡೆ ಕಾಡಂಚಿನ ದಾರಿಯಲ್ಲಿ ಕಲ್ಲು. ನಾಲೆಯ ಏರಿಯ ಮೇಲೆ ಗುಂಡಿ. ನರಸೀಪುರದಿಂದಾಚೆ ತಲಕಾಡಿನಲ್ಲಿ ಮರಳು. ಇಂಥ ಕಡೆ ತೋಟ ತುಡಿಕೆ ಇರುವವನು ವಾಹನದ ಹೊಟ್ಟೆ ನೆಲಕ್ಕೆ ತಾಗದಿರಲಿ ಎಂದು ಬಯಸುವುದು ನ್ಯಾಯವೇ. ಆದರೆ ಎತ್ತುವ ಬಗೆ ಯಾವುದು, ಎತ್ತುವಾಗ ಬದಲಿಸಬೇಕಾದ ಸಾಮಾನು ಯಾವುದು ಎಂಬಲ್ಲಿ ನಮ್ಮವರು ಎಡವುತ್ತಿದ್ದಾರೆ. ಕನ್ನಡ ಮೇಷ್ಟರಿಗೂ ಮೋಟಾರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನ ಬಳಿ ಓದಿದ ಹುಡುಗರಲ್ಲಿ ಪಂಡಿತರಾದವರಿಗಿಂತ ಮೆಕ್ಯಾನಿಕ್ಕುಗಳಾದವರೇ ಹೆಚ್ಚು. ಸಂಬಂಧಕ್ಕೆ ಅಷ್ಟು ಸಾಲದೆ?

ಇಂಗ್ಲಿಷಿನಲ್ಲಿ ಟಾರ್ಷನ್ ಬಾರ್ ಎಂದು ಕರೆಯುವ ಭಾಗವನ್ನು ನಾನು ನುಲಿಸರಳು ಎನ್ನುತ್ತೇನೆ. ನುಲಿ ಎಂದರೆ ಹುರಿಗೊಳಿಸು, ತಿರುಚು. ಹನ್ನೆರಡನೆಯ ಶತಮಾನದಲ್ಲಿ ಹುಲ್ಲು ಹೊಸೆದು ಹಗ್ಗ ಮಾಡುವ ಕಾಯಕದಲ್ಲಿದ್ದ ಶರಣರಿಗೆ ನುಲಿಯ ಚಂದಯ್ಯ ಎಂದೇ ಹೆಸರು. ಹಗ್ಗ ನುಲಿಯುವವನ ಕೈಗೆ ಹಗ್ಗ ಮರಳಿ ಬಿಚ್ಚಿಕೊಳ್ಳಲು ತವಕಿಸುವುದು ತಿಳಿಯುತ್ತದಲ್ಲ, ಈ ಸರಳಿನ ಗುಟ್ಟು ಅದೇ. ವಾಹನದ ಉದ್ದಕ್ಕೆ ಅಡಿಯಲ್ಲಿ ಮಲಗಿರುವ ಉಕ್ಕಿನ ಕೋಲು ಅದು. ಒಂದು ತುದಿ ಚೌಕಟ್ಟಿಗೆ ಬಿಗಿದಿರುತ್ತದೆ. ಇನ್ನೊಂದು ತುದಿ ಚಕ್ರವನ್ನು ಹಿಡಿದ ತೋಳಿಗೆ ಕಚ್ಚಿಕೊಂಡಿರುತ್ತದೆ. ಚಕ್ರ ಏರಿದರೆ ಕೋಲು ತಿರುಚಿಕೊಳ್ಳುತ್ತದೆ. ಉಬ್ಬು ಕಳೆದೊಡನೆ ಬಿಚ್ಚಿಕೊಂಡು ಚಕ್ರವನ್ನು ಕೆಳಕ್ಕೆ ತಳ್ಳುತ್ತದೆ. ಲಾರಿಯಲ್ಲಿ ಪಟ್ಟಿಗಳು ಬಾಗಿ ಮಾಡುವ ಕೆಲಸವನ್ನೇ ಇದು ತಿರುಚಿಕೊಂಡು ಮಾಡುತ್ತದೆ.

ಇದೇನೂ ನಮಗೆ ಹೊಸತಲ್ಲ. ಜರ್ಮನಿಯ ಫರ್ಡಿನಾಂಡ್ ಪೋರ್ಷೆ ಇದಕ್ಕೆ ಪೇಟೆಂಟು ಕೇಳಿದ್ದು 1931ರಲ್ಲಿ. 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಾರಿಗೆ ಬಂತು. 1948ರಲ್ಲಿ ಇಂಗ್ಲೆಂಡಿನ ಮಾರಿಸ್ ಮೈನರಿಗೆ ಬಂತು. ಮಾರಿಸ್ ಆಕ್ಸ್‌ಫರ್ಡಿನ ವಂಶದಲ್ಲಿ ಹುಟ್ಟಿದ ನಮ್ಮ ಅಂಬಾಸಿಡರಿನ ಮುಂಭಾಗದಲ್ಲೂ ಇದ್ದುದು ಇದೇ ಸರಳು. 2014ರಲ್ಲಿ ಆ ಕಾರಿನ ತಯಾರಿಕೆ ನಿಂತಿತು. ಅಷ್ಟರವರೆಗೆ ಮದುವೆ ಮುಂಜಿಗೆಂದು ಆರೇಳು ಜನ ಅದರಲ್ಲಿ ತುರುಕಿಕೊಂಡು ಹೋದಾಗಲೆಲ್ಲ, ಮುಂದಿನವರ ಭಾರ ಹೊತ್ತದ್ದು ಎರಡು ಉಕ್ಕಿನ ಕೋಲುಗಳ ನುಲಿತವೇ. ಈಗ ಎತ್ತರಿಸಿದ ವಾಹನಗಳ ಪೈಕಿ ಈ ಪ್ರಶ್ನೆ ಮುಖ್ಯವಾಗಿ ಏಳುವುದು 2010ರಲ್ಲಿ ಬಂದ ಮಹೀಂದ್ರ ಥಾರ್, ಸಿ.ಆರ್.ಡಿ.ಇ. ಮಾದರಿಯಲ್ಲಿ. ಅದೇ ಹೆಸರಿನ ಡಿ.ಐ. ಮಾದರಿಗೆ ಮುಂದೆಯೂ ಪಟ್ಟಿಗಳೇ. 2020ರಲ್ಲಿ ಬಂದ ಹೊಸ ಥಾರಿಗೆ ಸುರುಳಿ ಸ್ಪ್ರಿಂಗು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ವಾಹನದ ಅಡಿಗೆ ತಲೆ ಹಾಕಿ, ಇರುವುದು ಏನೆಂದು ನೋಡಿಕೊಳ್ಳಿ. ಹೆಸರು ನಂಬಿ ಸಾಮಾನು ಕೊಂಡವರನ್ನು ನಾನು ಬಲ್ಲೆ.

ಸರಳಿನ ಚೌಕಟ್ಟಿನ ತುದಿಯಲ್ಲಿ ಒಂದು ಚಿಕ್ಕ ತೋಳು, ಅದನ್ನು ಒತ್ತುವ ಒಂದು ಬೋಲ್ಟು ಇರುತ್ತದೆ. ಬೋಲ್ಟು ಬಿಗಿದರೆ ವಾಹನದ ಮೂತಿ ಮೇಲೇಳುತ್ತದೆ; ಖರ್ಚು ಏನೂ ಇಲ್ಲ. ತಪ್ಪು ತಿಳಿವಳಿಕೆ ಶುರುವಾಗುವುದು ಇಲ್ಲೇ. ಬಿಗಿದ ಮೇಲೆ ವಾಹನ ಗಡುಸಾಗಿ ಕುಲುಕುತ್ತದೆ. ಆದ್ದರಿಂದ ಸರಳು ಗಟ್ಟಿಯಾಯಿತು ಎನ್ನುತ್ತಾರೆ. ಇಲ್ಲ. ಗೋಡೆಯ ಮೊಳೆಗೆ ತಗುಲಿಸಿದ ಸ್ಪ್ರಿಂಗ್ ತಕ್ಕಡಿಯನ್ನು ಒಂದು ಗೇಣು ಮೇಲಿನ ಮೊಳೆಗೆ ತಗುಲಿಸಿ ನೋಡಿ. ಬೆಲ್ಲದ ಅಚ್ಚು ನೆಲದಿಂದ ಮೇಲೆ ಬಂತೇ ಹೊರತು ತಕ್ಕಡಿ ಗಟ್ಟಿಯಾಗಲಿಲ್ಲ. ಸರಳಿನ ಗಟ್ಟಿತನ ಅದರ ದಪ್ಪ, ಉದ್ದ, ಉಕ್ಕಿನ ಗುಣ ಇವುಗಳಿಂದ, ಬೋಲ್ಟಿನಿಂದಲ್ಲ.

ಹಾಗಾದರೆ ಕುಲುಕುವುದೇಕೆ? ಚಕ್ರಕ್ಕೆ ಮೇಲಕ್ಕೆ ಓಡಾಡಲು ಎಷ್ಟು ಜಾಗ ಬೇಕೋ ಕೆಳಕ್ಕೂ ಒಂದಿಷ್ಟು ಬೇಕು. ಮೂತಿ ಎತ್ತಿದಾಗ ಚಕ್ರ ನೇತಾಡುವ ಕಡೆಯ ಹಂತಕ್ಕೆ ಹತ್ತಿರ ಬಂದಿರುತ್ತದೆ. ಇನ್ನು ಗುಂಡಿ ಬಂದರೆ ಇಳಿಯಲು ಜಾಗವಿಲ್ಲ. ತೋಳು ತಡೆಗೆ ಹೋಗಿ ಬಡಿಯುತ್ತದೆ. ನೀವು ಗಡುಸು ಎಂದುಕೊಳ್ಳುವುದು ಆ ಬಡಿತವನ್ನು. ಇದರ ಜೊತೆಗೆ ಬಾಲ್ ಜಾಯಿಂಟು ಓರೆಯಾಗುತ್ತದೆ. ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಕೀಲು ಅತಿಯಾಗಿ ಬಾಗಿ ರಬ್ಬರ್ ಬೂಟು ಹರಿಯುತ್ತದೆ. ಒಳಗೆ ನಮ್ಮ ಎರೆಮಣ್ಣು ಸೇರಿದ ಮೇಲೆ ಆ ಕೀಲಿನ ಆಯುಸ್ಸು ಎಷ್ಟು ದಿನ! ಇನ್ನೊಂದು ಮಾತೂ ಇದೆ. ನಿಂತ ವಾಹನದಲ್ಲಿ ನುಲಿತ ಮೊದಲಿನಷ್ಟೇ ಇರುತ್ತದೆ, ಹೊರುವ ಭಾರ ಅಷ್ಟೇ ಆದ್ದರಿಂದ. ಆದರೆ ಉಬ್ಬಿನ ಮೇಲೆ ಚಕ್ರ ಪೂರ್ತಿ ಮೇಲೆದ್ದಾಗ, ಬೋಲ್ಟು ಬಿಗಿದ ಸರಳು ಬಿಗಿಯದ ಸರಳಿಗಿಂತ ಹೆಚ್ಚು ತಿರುಚಿಕೊಳ್ಳಬೇಕಾಗುತ್ತದೆ.

ಅಳೆದು ನೋಡುವುದು ಸುಲಭ. ಸಮನೆಲದಲ್ಲಿ ನಿಲ್ಲಿಸಿ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿಯಿರಿ. ಆಮೇಲೆ ಚೌಕಟ್ಟಿಗೆ ಜಾಕ್ ಕೊಟ್ಟು ಚಕ್ರ ನೇತಾಡುವಂತೆ ಮಾಡಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಚಕ್ರಕ್ಕೆ ಉಳಿದಿರುವ ಇಳಿತ. ಚಕ್ರದ ಒಟ್ಟು ಓಡಾಟದಲ್ಲಿ ಮೂರರಲ್ಲಿ ಒಂದು ಪಾಲಾದರೂ ಇಳಿತಕ್ಕೆ ಉಳಿಯಬೇಕು. ಒಂದು, ಒಂದೂವರೆ ಅಂಗುಲಕ್ಕಿಂತ ಹೆಚ್ಚು ಬೋಲ್ಟಿನಿಂದಲೇ ಎತ್ತುವುದು ನನ್ನ ದೃಷ್ಟಿಯಲ್ಲಿ ಅವಿವೇಕ.

ಈಗ ಕೊಳ್ಳುವ ಮಾತಿಗೆ ಬರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ನರಸೀಪುರದ ಹತ್ತಿರ ತೋಟ ಮಾಡಿಕೊಂಡಿರುವವನು, ಹೋದ ವರ್ಷ ಮನೆಗೆ ಬಂದ. ಅವನ ಹಳೆಯ ಥಾರಿಗೆ ಉಕ್ಕಿನ ಬಂಪರು, ಅದರ ಮೇಲೆ ಕೆಸರಿನಿಂದ ಎಳೆದುಕೊಳ್ಳಲು ವಿಂಚು ಹಾಕಿಸುವ ಯೋಚನೆ. ಅಂಗಡಿಯವರು ದಪ್ಪ ಸರಳು ಹಾಕಿಸಿಕೊಳ್ಳಿ, ಲಾರಿಯ ಹಾಗೆ ನಿಲ್ಲುತ್ತದೆ ಎಂದಿದ್ದರಂತೆ. "ದಪ್ಪ ಇದ್ದಷ್ಟೂ ಒಳ್ಳೇದಲ್ವೇ ಮೇಷ್ಟ್ರೇ?" ಎಂದ. ಆ ವಾಹನದಲ್ಲಿ ಅವನ ಇಬ್ಬರು ಮಕ್ಕಳು ಶಾಲೆಗೆ ಹೋಗಿಬರುತ್ತಾರೆ. ಮಂಡಿನೋವಿನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದೂ ಅದರಲ್ಲೇ. "ಕೂತ್ಕೊಳ್ಳಪ್ಪ, ಮೊದಲು ಲೆಕ್ಕ ಮಾಡೋಣ" ಎಂದು ಕಾಗದ ತೆಗೆದೆ.

ಸರಳಿನ ಗಟ್ಟಿತನ ದಪ್ಪದ ಜೊತೆಗೆ ಸಮಸಮನಾಗಿ ಏರುವುದಿಲ್ಲ; ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ. ಅಂದರೆ ದಪ್ಪದ ಅಳತೆಯನ್ನು ಅದರಿಂದಲೇ ನಾಲ್ಕು ಸಲ ಬರೆದು ಗುಣಿಸಬೇಕು. 24 ಮಿಲಿಮೀಟರಿನ ಸರಳು ಇದೆ ಎನ್ನೋಣ. 25ರದು ಹಾಕಿದರೆ ಗಟ್ಟಿತನ ಶೇಕಡ 18ರಷ್ಟು ಹೆಚ್ಚುತ್ತದೆ. 26ರದು ಹಾಕಿದರೆ ಶೇಕಡ 38. 28ರದು ಹಾಕಿದರೆ ಶೇಕಡ 85. ಕಣ್ಣಿಗೆ ನಾಲ್ಕು ಮಿಲಿಮೀಟರು, ಅಕ್ಕಿಕಾಳಿನಷ್ಟು ಅಂತರ; ಬೆನ್ನಿಗೆ ಹತ್ತಿರ ಹತ್ತಿರ ಎರಡರಷ್ಟು ಗಡುಸು.

ಭಾರದ ಲೆಕ್ಕವೂ ಬೇಕಲ್ಲ. ಬಂಪರು ವಿಂಚು ಸೇರಿ 100 ಕಿಲೋ ಎಂದಿಟ್ಟುಕೊಳ್ಳಿ. ಅದು ಮುಂದಿನ ಅಚ್ಚಿನಿಂದ 80 ಸೆಂಟಿಮೀಟರು ಮುಂದೆ ಕೂಡುತ್ತದೆ. ಎರಡು ಅಚ್ಚುಗಳ ನಡುವಿನ ದೂರ 240 ಸೆಂಟಿಮೀಟರಾದರೆ ಮುಂದಿನ ಅಚ್ಚಿನ ಮೇಲೆ ಬೀಳುವುದು ಬರಿಯ 100 ಅಲ್ಲ, 133 ಕಿಲೋ. ಹಿಂದಿನ ಅಚ್ಚು 33 ಕಿಲೋ ಹಗುರವಾಗುತ್ತದೆ. ಎತ್ತಿನ ಗಾಡಿಗೆ ಭತ್ತದ ಮೂಟೆ ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಟೆ ಮೂಕಿಯ ಕಡೆಗೆ ಸರಿದರೆ ಎತ್ತಿನ ಹೆಗಲು ಬಲ್ಲುದು. ಮುಂದಿನ ಅಚ್ಚಿನ ಮೇಲೆ ಮೊದಲೇ 900 ಕಿಲೋ ಇತ್ತು ಎಂದರೆ ಹೆಚ್ಚಿದ್ದು ಶೇಕಡ 15. ಅದಕ್ಕೆ ಸಲ್ಲುವುದು ಶೇಕಡ 15ರಿಂದ 20ರಷ್ಟು ಗಟ್ಟಿಯಾದ ಸರಳು, 85ರದಲ್ಲ. ಭಾರ ಏನನ್ನೂ ಹೇರದೆ ಎತ್ತರ ಮಾತ್ರ ಬೇಕಾದವನಿಗೆ ಹೊಸ ಸರಳೇ ಬೇಕಾಗಿಲ್ಲ.

ಊಹೆಯ ಅಂಕಿ ನಂಬಬೇಡಿ. ಕಬ್ಬು, ಭತ್ತ ತೂಗುವ ವೇ-ಬ್ರಿಡ್ಜುಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಮುಂದಿನ ಎರಡು ಚಕ್ರ ಮಾತ್ರ ಹಲಗೆಯ ಮೇಲೆ ಬರುವಂತೆ ನಿಲ್ಲಿಸಿ ತೂಗಿಸಿ. ಬಂಪರು ಹಾಕಿಸಿದ ಮೇಲೆ ಇನ್ನೊಮ್ಮೆ ತೂಗಿಸಿ. ಆ ಎರಡು ಚೀಟಿ ಕೈಯಲ್ಲಿ ಹಿಡಿದು ಅಂಗಡಿಗೆ ಹೋದವನೊಡನೆ ಮಾರುವವನು ಬೇರೆ ಧ್ವನಿಯಲ್ಲೇ ಮಾತಾಡುತ್ತಾನೆ.

ಅಲ್ಲಿ ಕೇಳಬೇಕಾದ್ದು ಕೆಲವಿವೆ. ಸರಳಿನ ದಪ್ಪ, ಉದ್ದ, ಎರಡೂ ತುದಿಗಳ ಹಲ್ಲುಗಳ ಎಣಿಕೆ ನಿಮ್ಮದಕ್ಕೆ ಸರಿಹೊಂದುತ್ತವೆಯೆ? ಮೂಲ ಸರಳಿಗಿಂತ ಶೇಕಡ ಎಷ್ಟು ಗಟ್ಟಿ ಎಂದು ತಯಾರಕರು ಬರೆದುಕೊಟ್ಟಿದ್ದಾರೆಯೆ? ಉಕ್ಕು ಯಾವುದು, ಹದ ಮಾಡಿದ್ದಾರೆಯೆ? ಹಳೆಯ ಲಾರಿಯ ಅಚ್ಚನ್ನೋ ಇನ್ನೇನನ್ನೋ ಲೇತಿನಲ್ಲಿ ಕಡೆದು ಹಲ್ಲು ಕೊರೆದರೆ ನೋಡಲು ಸರಳಿನಂತೆಯೇ ಇರುತ್ತದೆ. ಆದರೆ ತಿರುಚಿ ಬಿಚ್ಚಿ, ತಿರುಚಿ ಬಿಚ್ಚಿ ಲಕ್ಷಗಟ್ಟಲೆ ಸಲ ಬಾಳಬೇಕಾದ ಉಕ್ಕಿನ ಸಂಸ್ಕಾರ ಅದಕ್ಕೆ ಆಗಿರುವುದಿಲ್ಲ. ಮುರಿದರೆ ಒಂದು ಕಡೆಯ ಮೂತಿ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಆಗ ನೀವು ನಾಲೆಯ ಏರಿಯ ಮೇಲಿದ್ದರೆ ಗತಿ ಏನು?

ಎಡಬಲದ ಗುರುತನ್ನೂ ನೋಡಿ. ಒಳ್ಳೆಯ ಸರಳನ್ನು ಕಾರ್ಖಾನೆಯಲ್ಲಿಯೇ, ಅದು ಮುಂದೆ ಕೆಲಸ ಮಾಡುವ ದಿಕ್ಕಿಗೆ ಮಿತಿಮೀರಿ ಒಮ್ಮೆ ತಿರುಚಿ ಪಳಗಿಸಿರುತ್ತಾರೆ. ನೊಗದ ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಕಟ್ಟಿದ ಹಾಗೆ ಇವನ್ನು ಅದಲುಬದಲು ಮಾಡಿದರೆ ಬೇಗ ಕುಗ್ಗುತ್ತವೆ, ಬಿರಿಯುವುದೂ ಉಂಟು. ಒಂದನ್ನೇ ಹೊಸದು ಹಾಕುವುದೂ ಬೇಡ, ಜೋಡಿಯಾಗಿಯೇ ಬದಲಿಸಬೇಕು. ಸರಳಿನ ಮೈಮೇಲೆ ಗೀರು ಬೀಳಬಾರದು. ಸುತ್ತಿಗೆಯ ಪೆಟ್ಟು, ಪೈಪ್ ಸ್ಪ್ಯಾನರಿನ ಹಲ್ಲು, ವೆಲ್ಡಿಂಗಿನ ಒಂದು ಕಿಡಿ, ಇವುಗಳಿಂದಲೇ ಬಿರುಕಿಗೆ ಮೊದಲು. ಬಣ್ಣ ಎದ್ದಿದ್ದರೆ ಬಳಿಸಿ. ತುಕ್ಕೂ ಅದೇ ಕೆಲಸ ಮಾಡುತ್ತದೆ.

ಬಿಚ್ಚುವ ಕೆಲಸ ಮನೆಯಂಗಳದಲ್ಲಿ ಮಾಡತಕ್ಕದ್ದಲ್ಲ. ಆ ಬೋಲ್ಟಿನ ಹಿಂದೆ ವಾಹನದ ಭಾರವೇ ನುಲಿದು ಕುಳಿತಿದೆ. ಚೌಕಟ್ಟಿಗೆ ಆಸರೆ ಕೊಟ್ಟು, ಚಕ್ರ ನೇತಾಡಿಸಿ, ತಕ್ಕ ಎಳೆಯುವ ಸಾಧನದಿಂದ ಮೆಲ್ಲಗೆ ಸಡಿಲಿಸಬಲ್ಲವನಿಗೇ ಕೊಡಿ. ಗಟ್ಟಿ ಸರಳಿಗೆ ಹಳೆಯ ಶಾಕ್ ಅಬ್ಸಾರ್ಬರು ಸಾಲದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಚ್ಚಿಕೊಳ್ಳುವ ರಭಸವನ್ನು ಹಿಡಿದು ನಿಲ್ಲಿಸುವುದು ಅದು. ಅದು ಸೋತರೆ ವಾಹನ ಕುಪ್ಪಳಿಸುತ್ತದೆ.

ಕಾನೂನಿನ ಮಾತು ಎರಡೇ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಹಣ ಸುರಿಯುವ ಮುಂಚೆ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮರಥ ಹೊರಡುವುದನ್ನು ನೋಡಿಲ್ಲದವರು ನಿಮ್ಮಲ್ಲಿ ವಿರಳ. ಸ್ಪ್ರಿಂಗು ಇಲ್ಲ, ಸರಳು ಇಲ್ಲ. ಅಷ್ಟೆತ್ತರದ ತೇರು ಓಲಾಡಿದಾಗ ಎದೆ ಝಲ್ಲೆನ್ನುತ್ತದೆ. ತೇರು ನಡೆಯುವುದು ಆಳಿನ ನಡಿಗೆಯಲ್ಲಿ. ಗಾಲಿಗೆ ಮರದ ಸಬೆ ಕೊಟ್ಟು ತಿರುಗಿಸುವ ಪಳಗಿದ ಕೈಗಳು ಪಕ್ಕದಲ್ಲೇ ಇರುತ್ತವೆ. ಎತ್ತರಿಸಿದ ಜೀಪು ಹೆದ್ದಾರಿಯ ತಿರುವಿನಲ್ಲಿ 80 ಕಿಲೋಮೀಟರು ವೇಗದಲ್ಲಿ ಓಲಾಡಿದರೆ ಸಬೆ ಕೊಡುವವರು ಯಾರು? ಭಾರದ ನಡುವು ಮೇಲೇರಿದಷ್ಟೂ ಮಗುಚುವ ಭಯ ಹೆಚ್ಚು. ಇದಕ್ಕೆ ಯಾವ ಸರಳೂ ಪೂರ್ತಿ ಪರಿಹಾರವಲ್ಲ.

ಆ ಹುಡುಗ ಕೊನೆಗೆ ಭಾರದ ಬಂಪರನ್ನು ಕೈಬಿಟ್ಟ. ವಿಂಚಿನ ಬದಲು ಕೈಯಿಂದ ಎಳೆಯುವ ಸರಪಳಿ ರಾಟೆಯೊಂದನ್ನು ಹಿಂದಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡ. ಸರಳು ಕಾರ್ಖಾನೆಯದೇ, ಬೋಲ್ಟಿನಿಂದ ಒಂದು ಅಂಗುಲ ಎತ್ತಿಸಿ, ಅಂದೇ ವೀಲ್ ಅಲೈನ್‌ಮೆಂಟ್ ಮಾಡಿಸಿದ. ತಾಯಿಗೆ ಹತ್ತಲು ಬಾಗಿಲ ಕೆಳಗೆ ಒಂದು ಮೆಟ್ಟಿಲು ಬಿಗಿಸಬೇಕಾಯಿತು, ಒಂದೇ ಅಂಗುಲಕ್ಕೆ!

ನೀವು ಎತ್ತಿಸಿದರೆ, ಕೆಲಸ ಮುಗಿದೊಡನೆ ವಾಹನವನ್ನು ಹತ್ತು ಮಾರು ಹಿಂದೆ ಮುಂದೆ ಓಡಿಸಿ, ಕೂತ ಮೇಲೆ ಎರಡೂ ಕಡೆ ಅಳೆಯಿರಿ. ಹೊಸ ಸರಳಾದರೆ ತಿಂಗಳೊಪ್ಪತ್ತಿನಲ್ಲಿ ಸ್ವಲ್ಪ ಇಳಿಯುತ್ತದೆ. ಆಗ ಇನ್ನೊಮ್ಮೆ ಅಳೆಯಬೇಕು. ಹೆಡ್‌ಲೈಟನ್ನೂ ತಗ್ಗಿಸಿ ಹೊಂದಿಸಿ. ಮೂತಿ ಎದ್ದರೆ ದೀಪವೂ ಎದ್ದಿರುತ್ತದೆ. ರಾತ್ರಿ ಎದುರಿನಿಂದ ಬೈಸಿಕಲ್ಲಿನಲ್ಲಿ ಬರುವವನ ಕಣ್ಣಿಗೆ ಅದು ನೇರವಾಗಿ ಹೊಡೆಯುತ್ತದೆ.