ಮೈಯ ಕಸುವೂ ಒಂದು ಉಳಿತಾಯ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ವರದೆ ಹುಟ್ಟುವ ಈ ಊರಲ್ಲಿ ವ್ಯಾಯಾಮದ ಮಾತೆತ್ತಿದರೆ, “ತೋಟದ ಕೆಲಸಕ್ಕಿಂತ ಬೇರೆ ವ್ಯಾಯಾಮ ಬೇಕಾ?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತವರ ಮಕ್ಕಳು ಈಗ ಗಾಡಿಯಲ್ಲಿ ಗೊಬ್ಬರ ತರಿಸುತ್ತಾರೆ. ನೀರು ಸೇದುವುದು ಪಂಪಿಗೆ, ಒರಳಿನ ಕೆಲಸ ಮಿಕ್ಸಿಗೆ, ಅಡಿಕೆ ಸುಲಿಯುವುದು ಯಂತ್ರಕ್ಕೆ ಹೋಯಿತು. ಒಳ್ಳೆಯದೇ ಆಯಿತು. ಆದರೆ ಆ ದುಡಿಮೆಯಿಂದ ಮೈಗೆ ಸಿಗುತ್ತಿದ್ದ ಕಸುವೂ ಜೊತೆಗೇ ಹೋಯಿತು.

ಮೂವತ್ತು-ನಲವತ್ತು ದಾಟಿದ ಮೇಲೆ ಮಾಂಸಖಂಡ ಸ್ವಲ್ಪಸ್ವಲ್ಪವೇ ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಮೊದಮೊದಲು ಗೊತ್ತೇ ಆಗುವುದಿಲ್ಲ. ಒಂದು ದಿನ ಮಣೆಯಿಂದ ಏಳಲು ಕೈ ಊರಬೇಕಾಗುತ್ತದೆ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲಿ ಕಾಲು ಜಾರಿದರೆ ಸಾವರಿಸಿಕೊಳ್ಳಲು ಆಗುವುದಿಲ್ಲ. ಸೊಂಟದ ಮೂಳೆ ಮುರಿದರೆ ಹಾಸಿಗೆಯೇ ಗತಿಯಾಗುವುದುಂಟು. ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ಹಿರಿಯರಿಬ್ಬರೇ ಎಂಬ ಸ್ಥಿತಿಯಲ್ಲಿ ಇದು ಸಣ್ಣ ಮಾತಲ್ಲ.

ಶಕ್ತಿ ಬೆಳೆಸುವ ವ್ಯಾಯಾಮವನ್ನು ವರ್ಷಗಟ್ಟಲೆ ಬಿಡದೆ ಮಾಡಿದರೆ ಮೂಳೆಗೆ ಬಲ ಬರುತ್ತದೆ, ಬೀಳುವ ಅಪಾಯ ಕಡಿಮೆಯಾಗುತ್ತದೆ. ಉಂಡದ್ದರಿಂದ ರಕ್ತಕ್ಕೆ ಬರುವ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಮಾಂಸಖಂಡವೇ. ಹಾಗಾಗಿ ಸಕ್ಕರೆ ಕಾಯಿಲೆಯ ಹತೋಟಿಗೂ ಇದು ಸಹಾಯ. ವಾರಕ್ಕೆ ಕನಿಷ್ಠ 2 ದಿನ ಇಂಥ ವ್ಯಾಯಾಮ ಬೇಕು, 65 ದಾಟಿದವರು 3 ದಿನ ಸಮತೋಲದ ಅಭ್ಯಾಸವನ್ನೂ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾಕಿಂಗ್ ಒಳ್ಳೆಯದು, ಆದರೆ ಅದೊಂದೇ ಸಾಲದು.

“ಈ ವಯಸ್ಸಿಗೆ ಇನ್ನೇನು?” ಅನ್ನಬೇಡಿ. ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನವರಿಗೆ 8 ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅವರ ಕಾಲಿನ ಶಕ್ತಿ ಸರಾಸರಿ ಎರಡು ಪಟ್ಟು ಮೀರಿತೆಂದು 1990ರಲ್ಲಿ ಪ್ರಕಟವಾಗಿದೆ.

ನಮಗೆ ಯಂತ್ರ ಬೇಡ. ಕುರ್ಚಿಯಿಂದ ಕೈ ಊರದೆ 8-10 ಸಲ ಎದ್ದು ಕೂರಿ. ಗೋಡೆಗೆ ಕೈಕೊಟ್ಟು ದಂಡ ಹೊಡೆದಂತೆ ಮಾಡಿ. ನೀರು ತುಂಬಿದ ತಂಬಿಗೆ ಎತ್ತಿ ಇಳಿಸಿ. ಸಲೀಸಾದ ಮೇಲೆ ಭಾರ ಹೆಚ್ಚಿಸಿ. ಉಸಿರು ಕಟ್ಟಬೇಡಿ. ಬಿ.ಪಿ., ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಶುರುಮಾಡಿ. ಊಟದಲ್ಲಿ ಬೇಳೆ, ಕಾಳು, ಮೊಸರು ಸಾಕಷ್ಟಿರಲಿ.

ಸಂಘಕ್ಕೆ ಇಪ್ಪತ್ತೈದು ವರ್ಷದಲ್ಲಿ ಬಲ ಬಂದದ್ದು ಸದಸ್ಯರ ಸಣ್ಣಸಣ್ಣ ಉಳಿತಾಯದಿಂದ. ಮೈಯ ಕಸುವೂ ಹಾಗೆಯೇ. ಆದರೆ ಇದು ಸಾಲವಾಗಿ ಸಿಗುವುದಿಲ್ಲ, ಮಕ್ಕಳ ಹೆಸರಿಗೆ ವರ್ಗವೂ ಆಗುವುದಿಲ್ಲ. ಅವರವರ ಖಾತೆಗೆ ಅವರವರೇ ಕಟ್ಟಬೇಕು.