ವಿಶ್ವನಾಥ್ ಕರೆದಾಗ



1980ರ ಫೆಬ್ರವರಿ. ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್. ಭಾರತದ ನಾಯಕ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಾಗ ಬಾಬ್ ಟೇಲರ್ ಆಡಲು ಬಂದರು. ತುಸು ಹೊತ್ತಿನಲ್ಲೇ ಅವರು ಔಟೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥರಿಗೆ ಮನವರಿಕೆಯಾಗಿತ್ತು. ಟೇಲರ್‌ರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ ಜೊತೆಯಾಟದಲ್ಲಿ 171 ರನ್ ಸೇರಿದವು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು.

ಔದಾರ್ಯಕ್ಕೆ ಸದಾ ಜಯ ಒಲಿಯುತ್ತದೆಂದು ಮಕ್ಕಳಿಗೆ ಹೇಳುವ ನಾವು ಈ ಭಾಗವನ್ನು ಬಚ್ಚಿಡಬಾರದು. ಬೋಥಮ್ ಶತಕದೊಂದಿಗೆ 13 ವಿಕೆಟ್ ಪಡೆದಿದ್ದರೆಂಬುದು ನಿಜ. ಸೋಲಿಗೆ ಆ ಒಂದು ಕರೆಯೇ ಕಾರಣವೆನ್ನಲಾಗದು. ಆದರೂ ಬೆಲೆ ತೆತ್ತದ್ದು ಸುಳ್ಳಲ್ಲ.

ಮರುವರ್ಷ, 1981ರ ಫೆಬ್ರವರಿ 1ರಂದು ಮೆಲ್ಬರ್ನಿನಲ್ಲಿ ಇನ್ನೊಬ್ಬ ನಾಯಕನ ಸರದಿ. ಪಂದ್ಯವನ್ನು ಸಮಗೊಳಿಸಲು ನ್ಯೂಜಿಲೆಂಡಿಗೆ ಕೊನೆಯ ಚೆಂಡಿನಲ್ಲಿ ಆರು ರನ್ ಬೇಕಿತ್ತು. ಆಸ್ಟ್ರೇಲಿಯದ ಗ್ರೆಗ್ ಚಾಪೆಲ್ ತಮ್ಮನಾದ ಟ್ರೆವರ್‌ಗೆ ಚೆಂಡನ್ನು ನೆಲದ ಮೇಲೆ ಉರುಳಿಸಲು ಆದೇಶಿಸಿದರು. ಅಂದಿನ ನಿಯಮ ಅದನ್ನು ನಿಷೇಧಿಸಿರಲಿಲ್ಲ! ಆಸ್ಟ್ರೇಲಿಯ ಗೆದ್ದಿತು, ಎದುರಾಳಿ ಬ್ಯಾಟ್ ಎಸೆದು ನಡೆದರು. ಎರಡೂ ದೇಶಗಳ ಪ್ರಧಾನಿಗಳು ಖಂಡಿಸಿದರು. ಬಳಿಕ ನಿಯಮವನ್ನೇ ತಿದ್ದಲಾಯಿತು.

ಟೇಲರ್‌ರನ್ನು ಕರೆಯಲೇಬೇಕೆಂದು ಯಾವ ನಿಯಮ ಒತ್ತಾಯಿಸಿತ್ತು? ಅಂಪೈರರ ತೀರ್ಪಿನ ಮರೆಯಲ್ಲಿ ವಿಶ್ವನಾಥ್ ಸುಮ್ಮನಿರಬಹುದಿತ್ತು. ಯಾರೂ ಆಕ್ಷೇಪಿಸುತ್ತಿರಲಿಲ್ಲ. ನಮ್ಮ ಮಗ ಹೀಗೆ ಮಾಡಿ ಸೋತು ಮನೆಗೆ ಬಂದರೆ ನಾವು ಅವನನ್ನು ಪೆದ್ದನೆಂದು ಗದರದೆ ಇರುತ್ತೇವೆಯೇ?

ವಿಶ್ವನಾಥ್ ನಾಯಕರಾಗಿ ಆಡಿದ್ದು ಎರಡೇ ಟೆಸ್ಟ್. ಇದು ಎರಡನೆಯದು.